ನೀಲಗಿರಿ ದಿಮ್ಮಿ, ಕಬ್ಬಿಣದ ಬೋನು

ಕಾಡಾನೆಯ ಎತ್ತರ ತಿಳಿಯಲು ಅದರ ಹತ್ತಿರ ಹೋಗಬೇಕಿಲ್ಲ. ಕೆಸರಿನಲ್ಲಿ ಮೂಡಿದ ಮುಂಗಾಲಿನ ಹೆಜ್ಜೆಯ ಸುತ್ತ ಒಂದು ದಾರ ಹಿಡಿದು, ಆ ಉದ್ದವನ್ನು ಎರಡು ಪಟ್ಟು ಮಾಡಿದರೆ ಸಾಕು. ಭುಜದವರೆಗಿನ ಎತ್ತರ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ನಾಗರಹೊಳೆ ಸುತ್ತಿನ ಹಾಡಿಗಳಲ್ಲಿ ಬೆಳೆದ ಮಾವುತರಿಗೆ ದಾರದ ಹಂಗೂ ಇಲ್ಲ, ಕಣ್ಣಳತೆಯೇ ಸಾಕು. ಒಂಬತ್ತಡಿಯ ಸಲಗವೋ, ಏಳಡಿಯ ಹೆಣ್ಣಾನೆಯೋ ಎನ್ನುವುದು ಮೊದಲೇ ಗೊತ್ತಾಗಬೇಕು. ಅರಿವಳಿಕೆ ಮದ್ದು ಕೋವಿಗೆ ತುಂಬುವ ಮುಂಚೆಯೇ, ಹಿಡಿದದ್ದನ್ನು ಎಲ್ಲಿ ಕೂಡಿಹಾಕುವುದು ಎಂಬುದು ತೀರ್ಮಾನವಾಗಿರಬೇಕು. ನಾಲ್ಕು ಟನ್ ತೂಗುವ ಸಿಟ್ಟಿಗೆದ್ದ ಸಲಗ ಲಾರಿಯಲ್ಲಿ ನಿಂತಿರುವಾಗ ಗೂಟ ಹುಡುಕುತ್ತ ಹೊರಡಲಾಗದು.

ಆ ತೀರ್ಮಾನದಿಂದ ಎದ್ದು ನಿಲ್ಲುವುದೇ ಕ್ರಾಲ್. ಹಳಬರ ಬಾಯಲ್ಲಿ ದೊಡ್ಡಿ.

ಹುಣಸೂರಿನಿಂದ ಗೋಣಿಕೊಪ್ಪದ ಕಡೆ ಸಾಗುವ ರಸ್ತೆ ಆನೆಚೌಕೂರಿನ ಬಳಿ ಕಾಡು ಹೊಕ್ಕು, ಮತ್ತಿಗೋಡಿನ ಆನೆ ಶಿಬಿರವನ್ನು ಹಾದುಹೋಗುತ್ತದೆ. 2020ರಿಂದ ದಸರೆಯ ಅಂಬಾರಿ ಹೊರುತ್ತಿರುವ ಅಭಿಮನ್ಯು ಇಲ್ಲಿನವನು. ಹುಣಸೂರು ಭಾಗದ ಭೀಮನಕಟ್ಟೆ, ಎಚ್.ಡಿ. ಕೋಟೆಯಿಂದ ಮಾನಂದವಾಡಿಗೆ ಹೋಗುವ ದಾರಿಯ ಬಳ್ಳೆ, ಪಿರಿಯಾಪಟ್ಟಣ ದಾಟಿ ಕೊಡಗು ಹೊಕ್ಕರೆ ಸಿಗುವ ಕಾವೇರಿ ದಂಡೆಯ ದುಬಾರೆ, ಇವೆಲ್ಲ ಒಂದಕ್ಕೊಂದು ನೆಂಟಸ್ತಿಕೆಯಿರುವ ಶಿಬಿರಗಳು. ಮಾವುತರು ಬಂಧುಗಳು, ಆನೆಗಳು ಅಲ್ಲಿಂದಿಲ್ಲಿಗೆ ವರ್ಗವಾಗುವ ನೌಕರರು. ಹಾಸನದ ಕಾಫಿ ತೋಟದಲ್ಲೋ ರಾಮನಗರದ ಹೊಲದಲ್ಲೋ ಸೆರೆ ಸಿಕ್ಕ ಪುಂಡಾನೆ ಬಂದಿಳಿಯುವುದು ಇಂಥ ಕಡೆಯೇ. ದಸರೆಯ ಸಾಲಿನಲ್ಲಿ ಗಂಭೀರವಾಗಿ ಹೆಜ್ಜೆ ಹಾಕುವ ಮಹೇಂದ್ರ 2018ರಲ್ಲಿ ರಾಮನಗರ ಭಾಗದಲ್ಲಿ ಸೆರೆಯಾದವನು ಎಂದರೆ ನೋಡಿದವರು ನಂಬುವುದಿಲ್ಲ.

ಕ್ರಾಲ್‌ಗೆ ಬೇಕಾಗುವುದು ಮರ, ಮುಖ್ಯವಾಗಿ ನೀಲಗಿರಿ. ನೇರವಾಗಿ ಬೆಳೆಯುತ್ತದೆ, ಉದ್ದಕ್ಕೆ ಸಿಗುತ್ತದೆ, ಇಲಾಖೆಯ ನೆಡುತೋಪುಗಳಲ್ಲಿ ಬೇಕಾದಷ್ಟಿದೆ. ಅಂತರ್ಜಲ ಹೀರುತ್ತದೆ ಎಂದು ಊರೂರಲ್ಲಿ ಬೈಸಿಕೊಂಡ ಮರಕ್ಕೆ ಇದೊಂದು ಕೆಲಸದಲ್ಲಿ ಮರ್ಯಾದೆ. ಮೂಲೆಗಳಲ್ಲಿ ದಪ್ಪ ಕಂಬಗಳನ್ನು ಆಳವಾಗಿ ಹೂತು, ಅವುಗಳ ನಡುವೆ ಅಡ್ಡಡ್ಡ ದಿಮ್ಮಿಗಳನ್ನು ಒಂದರ ಮೇಲೊಂದು ಕೂರಿಸುತ್ತಾರೆ. ಕಬ್ಬಿಣದ ಕಂಬಿಯಾದರೆ ಗಟ್ಟಿಯಲ್ಲವೇ ಎಂದು ಹೊಸಬರು ಕೇಳುತ್ತಾರೆ. ಗಟ್ಟಿ ಹೌದು, ತೊಂದರೆಯೂ ಅದೇ. ಬಂದ ಹೊಸದರಲ್ಲಿ ಆನೆ ಹಣೆಯಿಂದ ಗುದ್ದುತ್ತದೆ, ದಂತ ತೂರಿಸಿ ಮೀಟುತ್ತದೆ, ಹಿಂಗಾಲಲ್ಲಿ ಒದೆಯುತ್ತದೆ. ಹಸಿ ದಿಮ್ಮಿ ಆ ಪೆಟ್ಟನ್ನು ಕೊಂಚ ತಾನೂ ತಿನ್ನುತ್ತದೆ. ಕಬ್ಬಿಣ ಪೂರಾ ಪೆಟ್ಟನ್ನು ಆನೆಗೇ ಮರಳಿಸುತ್ತದೆ. ದಂತ ಮುರಿದರೆ, ಹಣೆ ಒಡೆದರೆ ಹಿಡಿದದ್ದೆಲ್ಲ ವ್ಯರ್ಥ. ಒಳಮೈಯಲ್ಲಿ ಚೂಪು ಗಂಟು, ಮೊಳೆ, ತಂತಿ ಯಾವುದೂ ಇರಕೂಡದು. ಆನೆಯ ಚರ್ಮ ದಪ್ಪ ಎನ್ನುವುದೇನೋ ನಿಜ, ಆದರೆ ಸೊಂಡಿಲ ತುದಿ ಬೆರಳ ತುದಿಯಷ್ಟೇ ಸೂಕ್ಷ್ಮ.

ದಿಮ್ಮಿಯಿಂದ ದಿಮ್ಮಿಗೆ ಇರುವ ಸಂದಿಯಲ್ಲಿಯೇ ಇಡೀ ಕಸುಬಿನ ಜಾಣತನವಿದೆ. ಸೊಂಡಿಲು ಹೊರಬಂದು ಬೆಲ್ಲ ತೆಗೆದುಕೊಳ್ಳುವಷ್ಟು ಅಗಲ ಬೇಕು, ತಲೆ ತೂರುವಷ್ಟು ಬೇಡ. ಮಾವುತನ ಕೈ ಒಳಗೆ ಹೋಗಿ ಕಿವಿ ಸವರಬೇಕು, ಆನೆ ತಿರುಗಿಬಿದ್ದರೆ ಅದೇ ಕೈ ಸರಕ್ಕನೆ ಹೊರಬರಬೇಕು. ಒಳಗಿನ ಜಾಗ ಹದಿನೈದಡಿ ಚೌಕದ ಆಸುಪಾಸು. ಆನೆ ನಿಲ್ಲಬೇಕು, ಮಲಗಬೇಕು, ಮೈ ತಿರುಗಿಸಬೇಕು. ಆದರೆ ಹಿಂದಕ್ಕೆ ಸರಿದು ಓಡಿಬಂದು ಗುದ್ದುವಷ್ಟು ದೂರ ಸಿಗಬಾರದು. ಬಾಗಿಲೆಂದರೆ ಒಂದು ಬದಿಯ ಅಡ್ಡ ದಿಮ್ಮಿಗಳೇ. ಹೊರಗಿನಿಂದ ಒಂದೊಂದಾಗಿ ಎಳೆದು ತೆಗೆಯಬಹುದು, ಹಾಗೆಯೇ ಒಂದೊಂದಾಗಿ ತೂರಿಸಿ ಮುಚ್ಚಬಹುದು. ನೆಲ ಮಣ್ಣಿನದೇ ಇರಬೇಕು. ಸಿಮೆಂಟ್ ನೆಲದ ಮೇಲೆ ತಿಂಗಳುಗಟ್ಟಲೆ ನಿಂತ ಆನೆಯ ಅಂಗಾಲು ಬಿರಿಯುತ್ತದೆ, ಉಗುರಿನ ಬುಡ ಕೊಳೆಯುತ್ತದೆ. ನಾಗರಹೊಳೆಯ ಮಳೆಗೆ ಆ ಮಣ್ಣು ಕೆಸರಾಗದಂತೆ ನೀರು ಹರಿದುಹೋಗುವ ಓಟ ಕೊಡುವುದು ಬೇರೆ ಕೆಲಸ.

ಮೊದಲ ದಿನಗಳಲ್ಲಿ ಮಾವುತ, ಅವನ ಸಹಾಯಕ ಕಾವಾಡಿ ಇಬ್ಬರೂ ಕ್ರಾಲ್ ಪಕ್ಕದಲ್ಲೇ ಬೀಡುಬಿಡುತ್ತಾರೆ. ಕಬ್ಬು, ಬೆಲ್ಲ, ಭತ್ತದ ಹುಲ್ಲು, ರಾಗಿ ಮುದ್ದೆ, ಆಲದ ಸೊಪ್ಪು ಎಲ್ಲ ಅದೇ ಕೈಯಿಂದ. ಬೈಗುಳವೂ ಅದೇ ಬಾಯಿಂದ. ಆನೆ ಮೊದಲು ಕಲಿಯುವುದು ಆ ಮನುಷ್ಯನ ವಾಸನೆ ಮತ್ತು ದನಿ. ಬೈಠ್ ಎಂದರೆ ಕೂರುವುದು, ದತ್ ಎಂದರೆ ನಿಲ್ಲುವುದು ಮುಂತಾದ ಪಾಠಗಳು ಆಮೇಲೆ. ಮನೆಯಲ್ಲಿ ಜೇನುಕುರುಬ ನುಡಿ, ಅಧಿಕಾರಿಗಳೊಡನೆ ಕನ್ನಡ, ಆನೆಯೊಡನೆ ಹಿಂದಿ–ಉರ್ದು ಬೆರೆತ ಈ ಹಳೆಯ ಲಾಯದ ಭಾಷೆ, ಒಬ್ಬನೇ ಮಾವುತ ದಿನಕ್ಕೆ ಮೂರೂ ಆಡುತ್ತಾನೆ. ಪೈಪಿನಲ್ಲಿ ನೀರು ಹಾಯಿಸಿ ಮೈ ತೊಳೆಯುವಾಗ ಆನೆ ಸುಮ್ಮನೆ ನಿಂತಿತೆಂದರೆ ಅರ್ಧ ಗೆದ್ದಂತೆ. ಉದ್ದನೆಯ ಕೋಲಿನಿಂದ ಬೆನ್ನು ಸವರಿಸಿಕೊಂಡಿತೆಂದರೆ ಇನ್ನೂ ಸ್ವಲ್ಪ. ಹಗ್ಗ, ಸರಪಳಿ ಉಜ್ಜಿದ ಗಾಯಕ್ಕೆ ಹುಳು ಬೀಳದಂತೆ ಬೇವಿನೆಣ್ಣೆ ಹಚ್ಚುವಷ್ಟು ಸಲುಗೆ ಬರಲು ವಾರಗಳು ಬೇಕು. ಹೊರಗೆ ಬಿಡಲು ಕೆಲವು ತಿಂಗಳು. ಬಿಡುವ ದಿನ ಎರಡೂ ಬದಿಯಲ್ಲಿ ಹಳೆಯ ಸಾಕಾನೆಗಳು ನಿಲ್ಲುತ್ತವೆ, ನಡುವೆ ಹೊಸಬ.

ಇದನ್ನೆಲ್ಲ ಮುದ್ದಿನ ಕಥೆಯಂತೆ ಹೇಳುವವರಿದ್ದಾರೆ, ಬರಿಯ ಹಿಂಸೆಯೆಂದು ಬರೆಯುವವರೂ ಇದ್ದಾರೆ. ಎರಡರಲ್ಲೂ ಸ್ವಲ್ಪ ಕಣ್ಣುಮುಚ್ಚಾಲೆ ಇದೆ. ಪಳಗಿಸುವುದರಲ್ಲಿ ಹಸಿವು, ಭಯ, ಒಂಟಿತನ ಮೂರೂ ಇವೆ. ದಿನಕ್ಕೆ ಹದಿನಾರು ಗಂಟೆ ಮೇಯುತ್ತ ಮೈಲುಗಟ್ಟಲೆ ಅಲೆಯುವ ಪ್ರಾಣಿಗೆ ಹದಿನೈದಡಿ ಚೌಕ ಎಂದೂ ಮನೆಯಾಗದು. ಕ್ರಾಲ್‌ನ ಪರವಾಗಿ ಹೇಳಬಹುದಾದ ಮಾತು ಒಂದೇ: ಅದನ್ನು ಕಟ್ಟುವುದೇ ಒಂದು ದಿನ ದಿಮ್ಮಿ ಸರಿಸಿ ಖಾಲಿ ಮಾಡುವುದಕ್ಕೆ. ಹೊರಗೆ ಬಂದ ಮೇಲೂ ಕ್ಷೇಮ ಎಂಬ ಭರವಸೆಯಿಲ್ಲ. ಬೆಂಗಳೂರಿನ ಹೊರವಲಯದಲ್ಲಿ ಸೆರೆಯಾಗಿ ಮತ್ತಿಗೋಡಿನಲ್ಲಿ ಪಳಗಿದ್ದ ರಂಗ 2018ರ ಅಕ್ಟೋಬರ್‌ನಲ್ಲಿ ಶಿಬಿರದ ಪಕ್ಕದ ಅದೇ ಹೆದ್ದಾರಿಯಲ್ಲಿ ಬಸ್ಸು ಬಡಿದು ಸತ್ತ.

ಈ ಸೀಮೆಗೆ ಆನೆ ದೊಡ್ಡಿಯೇನೂ ಹೊಸದಲ್ಲ. ಹಿಂಡನ್ನೇ ದೊಡ್ಡಿಗೆ ಅಟ್ಟಿ ಹಿಡಿಯುವ ಖೆಡ್ಡಾವನ್ನು ಎಚ್.ಡಿ. ಕೋಟೆಯ ಕಾಕನಕೋಟೆ ಕಾಡಿನಲ್ಲಿ ನೋಡಲು ಒಂದು ಕಾಲಕ್ಕೆ ಯುರೋಪಿನ ರಾಜಕುಮಾರರು ಬರುತ್ತಿದ್ದರು. ಮೈಸೂರು ಸೀಮೆಯಲ್ಲಿ ಖೆಡ್ಡಾವನ್ನು ಗೆಲ್ಲಿಸಿದವನು ಜಾರ್ಜ್ ಸ್ಯಾಂಡರ್ಸನ್ ಎಂಬ ಇಂಗ್ಲಿಷ್ ಅಧಿಕಾರಿ. 1873–74ರಲ್ಲಿ, ಚಾಮರಾಜನಗರದ ಕಡೆ. ಅದಕ್ಕೂ ನೂರು ವರ್ಷ ಹಿಂದೆ ಕಾಕನಕೋಟೆಯಲ್ಲಿ ಹೈದರಾಲಿ ಪ್ರಯತ್ನಿಸಿ ಸೋತು, ಮುಂದೆ ಯಾರಿಗೂ ಇದು ಸಾಧ್ಯವಾಗದು ಎಂದು ಕಲ್ಲಿನಲ್ಲಿ ಶಾಪ ಕೆತ್ತಿಸಿದ್ದ ಎಂಬ ಕಥೆಯನ್ನು ಸ್ಯಾಂಡರ್ಸನ್ ತನ್ನ 1878ರ ಪುಸ್ತಕದಲ್ಲಿ ಹೆಮ್ಮೆಯಿಂದಲೇ ದಾಖಲಿಸಿದ್ದಾನೆ. ಗೆದ್ದವನಿಗೆ ಸೋತವನ ಶಾಸನದಷ್ಟು ರುಚಿ ಬೇರೆ ಯಾವುದರಲ್ಲಿದ್ದೀತು?

ಆತ ವರ್ಣಿಸುವ ಖೆಡ್ಡಾದ ಬೇಲಿ ಸುಮಾರು ಹನ್ನೆರಡಡಿ ಎತ್ತರದ ನಿಲುಗಂಬಗಳದು, ಹೊರಗಿನಿಂದ ಓರೆಗಂಬಗಳ ಆಸರೆ, ಒಂದೇ ಒಂದು ದ್ವಾರ, ಮೇಲಿನಿಂದ ಬೀಳುವ ಬಾಗಿಲು. ಕಾಕನಕೋಟೆಯ ವೈಶಿಷ್ಟ್ಯವೆಂದರೆ ಹೊಳೆ. ತಮಟೆ, ಬೆಂಕಿ, ಕೂಗಾಟಗಳಿಂದ ಹಿಂಡನ್ನು ಕಬಿನಿಗೆ ಇಳಿಸಿ, ನೀರು ದಾಟಿಸಿ ದೊಡ್ಡಿಗೆ ನುಗ್ಗಿಸುತ್ತಿದ್ದರು. ಆಮೇಲೆ ಸಾಕಾನೆಗಳ ಮೇಲೆ ಒಳಹೊಕ್ಕ ಮಾವುತರು ಒಂದೊಂದಕ್ಕೇ ಹಗ್ಗ ಹಾಕುವುದು. ಸಾಕಾನೆಯ ಹೊಟ್ಟೆಯ ಮರೆಯಲ್ಲಿ ಕೆಳಗಿಳಿದು ಕಾಡಾನೆಯ ಹಿಂಗಾಲಿಗೆ ಕುಣಿಕೆ ಬಿಗಿಯುವವನದು ಎಲ್ಲಕ್ಕಿಂತ ಅಪಾಯದ ಕೆಲಸ. ಅವನ ಹೆಸರು ಯಾವ ಅತಿಥಿ ಪುಸ್ತಕದಲ್ಲೂ ಇಲ್ಲ. ಕಾರಾಪುರದ ಮಾವುತನ ಮಗ ಸಾಬು ಮಾತ್ರ 1937ರ ‘ಎಲಿಫೆಂಟ್ ಬಾಯ್’ ಸಿನಿಮಾದಿಂದ ಲೋಕಕ್ಕೆಲ್ಲ ಪರಿಚಿತನಾದ.

ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ಮರುವರ್ಷ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು, 1974ರ ಹೊತ್ತಿಗೆ ಕಬಿನಿ ಜಲಾಶಯ ತುಂಬಿ ಖೆಡ್ಡಾದ ನೆಲದ ಬಹುಭಾಗವನ್ನು ನುಂಗಿತು. ಇಂದು ಪ್ರವಾಸಿಗರು ದೋಣಿಯಲ್ಲಿ ಕುಳಿತು ಬೇಸಿಗೆಯ ಹಿಂಡುಗಳ ಫೋಟೊ ತೆಗೆಯುವುದು ಆ ನೀರಿನ ಮೇಲೆಯೇ.

ಖೆಡ್ಡಾದಲ್ಲಿ ಸಿಕ್ಕಿದ್ದೆಲ್ಲ ಸೆರೆ: ತಾಯಿ, ಮರಿ, ಮುದಿ, ಗಬ್ಬದ ಆನೆ ಎಂಬ ಭೇದವಿರಲಿಲ್ಲ. ಕ್ರಾಲ್ ಒಂದು ಆನೆಯದು, ಅದೂ ಇಂಥದೇ ಎಂದು ಗುರುತಿಸಿದ ಆನೆಯದು. ಈ ಎರಡು ಕಾಲಗಳನ್ನು ಒಂದೇ ಬದುಕಿನಲ್ಲಿ ಕಂಡವನು ಅರ್ಜುನ. 1968ರಲ್ಲಿ ಕಾಕನಕೋಟೆಯ ಖೆಡ್ಡಾದಲ್ಲಿ ಸಿಕ್ಕಿ, ಬಳ್ಳೆ ಶಿಬಿರದಲ್ಲಿ ಬಾಳಿ, 2012ರಿಂದ 2019ರವರೆಗೆ ಎಂಟು ದಸರೆಗಳಲ್ಲಿ ಅಂಬಾರಿ ಹೊತ್ತ. 2023ರ ಡಿಸೆಂಬರ್ 4ರಂದು ಸಕಲೇಶಪುರ ತಾಲ್ಲೂಕಿನ ಯಸಳೂರು ಬಳಿ ಕಾಡಾನೆ ಹಿಡಿಯುವ ಕಾರ್ಯಾಚರಣೆಯಲ್ಲಿ ಒಂಟಿ ಸಲಗದೊಡನೆ ಕಾದಾಡಿ ಸತ್ತ. ಅದೇ ವರ್ಷದ ಆಗಸ್ಟ್‌ನಲ್ಲಿ ಹಾಸನ ಜಿಲ್ಲೆಯಲ್ಲೇ, ಅರಿವಳಿಕೆ ಹೊಡೆಯುವುದರಲ್ಲಿ ಪಳಗಿದ ಕೈಯಾಗಿದ್ದ ‘ಆನೆ ವೆಂಕಟೇಶ್’ ಸಲಗದ ದಾಳಿಗೆ ಬಲಿಯಾಗಿದ್ದರು. ದೊಡ್ಡಿಗೆ ಆನೆ ತರುವ ದಾರಿಯ ಬೆಲೆ ಇದು.

ಮರದ ದೊಡ್ಡಿಯಿಂದ ಕಬ್ಬಿಣದ ಬೋನಿಗೆ ಬಂದರೆ ಊರೂ ಬದಲಾಗುತ್ತದೆ, ಪ್ರಾಣಿಯೂ ಬದಲಾಗುತ್ತದೆ. ಕೆ.ಆರ್. ನಗರದ ಕಾವೇರಿ ಬಯಲಿನಲ್ಲಿ ಕಾಡೆಂದರೆ ಕಬ್ಬು. ಆಳೆತ್ತರ ಬೆಳೆದ ಕಬ್ಬಿನ ಗದ್ದೆಯಲ್ಲಿ ನೆರಳಿದೆ, ಪಕ್ಕದ ನಾಲೆಯಲ್ಲಿ ನೀರಿದೆ, ಊರಂಚಿನಲ್ಲಿ ನಾಯಿ, ಮೇಕೆ, ಕೋಳಿ ಅಂಗಡಿಯ ತ್ಯಾಜ್ಯ. ಚಿರತೆಗೆ ಇದಕ್ಕಿಂತ ಬೇರೆ ಸಂಸಾರ ಬೇಡ, ಮರಿ ಹಾಕುವುದೂ ಅಲ್ಲೇ. ಕಟಾವಿಗೆ ಬಂದ ಕೂಲಿಯವರ ಕಣ್ಣಿಗೆ ಮರಿಗಳು ಬಿದ್ದ ಸುದ್ದಿ ಈ ಭಾಗದ ಪತ್ರಿಕೆಗಳಲ್ಲಿ ಸುಗ್ಗಿಯ ಸುದ್ದಿಯಷ್ಟೇ ಮಾಮೂಲು. 2022ರ ರಾಷ್ಟ್ರೀಯ ಅಂದಾಜಿನ ಪ್ರಕಾರ ಕರ್ನಾಟಕದಲ್ಲಿ 1,879 ಚಿರತೆಗಳಿವೆ. ಆ ಲೆಕ್ಕ ಮುಖ್ಯವಾಗಿ ಕಾಡಿನದು, ಕಬ್ಬಿನ ಗದ್ದೆಯ ಸಂಸಾರಗಳು ಅದರಲ್ಲಿ ಪೂರ್ತಿ ಸೇರುವುದಿಲ್ಲ.

ಚಿರತೆ ಕಂಡಿತೆಂದರೆ ಮೊದಲ ಕೂಗು ‘ಬೋನು ಇಡಿ’. ಬೋನು ನೋಡಲು ಸರಳ: ಉದ್ದನೆಯ ಕಬ್ಬಿಣದ ಪೆಟ್ಟಿಗೆ, ಮೇಲಿನಿಂದ ಜಾರಿ ಬೀಳುವ ಬಾಗಿಲು, ಒಳಗೆ ಕಾಲಿಟ್ಟರೆ ಕೊಂಡಿ ತಪ್ಪಿಸುವ ಹಲಗೆ, ಹಿಂಬದಿಯಲ್ಲಿ ಮೇಕೆಗೋ ನಾಯಿಗೋ ಬೇರೆಯೇ ಅರೆ. ಎಡವಟ್ಟಾಗುವುದು ಸಣ್ಣ ಸಂಗತಿಗಳಲ್ಲಿ. ಕಂಬಿಗಳ ಸಂದಿ ದೊಡ್ಡದಾದರೆ ಸಿಕ್ಕಿಬಿದ್ದ ಚಿರತೆ ಕಂಬಿ ಕಚ್ಚಿ ಕೋರೆಹಲ್ಲು ಮುರಿದುಕೊಳ್ಳುತ್ತದೆ. ಕೋರೆ ಮುರಿದ ಚಿರತೆಗೆ ಜಿಂಕೆ ಹಿಡಿಯುವುದು ಕಷ್ಟ, ಮತ್ತೆ ಊರ ನಾಯಿಯೇ ಗತಿ. ಬಾಗಿಲು ನೆಲಕ್ಕೆ ಪೂರಾ ಬಡಿದುಕೊಂಡರೆ ಬಾಲ ತುಂಡಾಗಬಹುದು, ಅಡಿಯಲ್ಲಿ ಎರಡು ಬೆರಳಿನ ಎಡೆ ಬಿಡಬೇಕು. ಮೇಕೆಯ ಅರೆಗೆ ಹಾಕಿದ ಜಾಲರಿ ಸಡಿಲವಿದ್ದರೆ ಮೇಕೆಯೂ ಹೋಯಿತು, ಊರವರ ವಿಶ್ವಾಸವೂ ಹೋಯಿತು. ಮಧ್ಯಾಹ್ನದ ಬಿಸಿಲು ನೇರ ಬೀಳುವಲ್ಲಿ ಇಟ್ಟ ಕಬ್ಬಿಣದ ಬೋನು ಕಾದ ಕಾವಲಿಯಾಗುತ್ತದೆ.

ಇನ್ನು ಇಡುವ ಜಾಗ. ಊರ ಮುಖಂಡರು ತೋರಿಸುವ ಜಾಗ ಬೇರೆ, ಚಿರತೆ ನಡೆಯುವ ಜಾಗ ಬೇರೆ. ಹೆಜ್ಜೆ, ಮಲ, ಮರದ ಬುಡದ ಪರಚು ನೋಡಿ ಬದುವಿನ ದಾರಿಗೆ ಅಡ್ಡವಾಗಿ, ಸೊಪ್ಪು ಹೊದಿಸಿ, ಒಳನೆಲಕ್ಕೆ ಮಣ್ಣು ಹರಡಿ ಇಟ್ಟರೆ ಒಂದು ಸಾಧ್ಯತೆ. ಅಷ್ಟರಲ್ಲಿ ಹತ್ತು ಬೈಕು ಬಂದು, ಬೋನಿನ ಮುಂದೆ ಸೆಲ್ಫಿಯಾಗಿ, ಬೀಡಿ ತುಂಡು ಬಿದ್ದಿರುತ್ತದೆ. ಒಮ್ಮೆ ಸಿಕ್ಕಿ ಬಿಡುಗಡೆಯಾದ ಚಿರತೆಯಂತೂ ಮತ್ತೆ ಬೋನಿನತ್ತ ಸುಳಿಯಲು ಹತ್ತು ಸಲ ಯೋಚಿಸುತ್ತದೆ.

ಮತ್ತಿಗೋಡಿನ ಕ್ರಾಲ್‌ಗೂ ಈ ಬೋನಿಗೂ ಇರುವ ದೊಡ್ಡ ವ್ಯತ್ಯಾಸ ಮರ, ಕಬ್ಬಿಣದ್ದಲ್ಲ. ಕ್ರಾಲ್‌ನ ದಿಮ್ಮಿ ಕೂರಿಸಿದವನು ಮುಂದೆ ಅದೇ ಆನೆಯ ಕುತ್ತಿಗೆ ಮೇಲೆ ಕೂರಬೇಕು. ಹಾಗಾಗಿ ಪ್ರತಿ ಗಂಟನ್ನೂ ಕೆತ್ತಿ ನಯ ಮಾಡುತ್ತಾನೆ. ಬೋನು ಮಾಡಿಸಿದವರು, ಇಟ್ಟವರು, ಇಡಿಸಿದವರು, ಒಳಗೆ ಸಿಕ್ಕಿದ್ದನ್ನು ಸಾಗಿಸುವವರು ಎಲ್ಲ ಬೇರೆ ಬೇರೆ. ಅವಸರವೊಂದೇ ಎಲ್ಲರಿಗೂ ಸಮ. ಕಾನೂನು ಅವಸರ ಬೇಡ ಎನ್ನುತ್ತದೆ: ಚಿರತೆ ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಯ ಪ್ರಾಣಿ, ಮುಖ್ಯ ವನ್ಯಜೀವಿ ಪರಿಪಾಲಕರ ಅನುಮತಿಯಿಲ್ಲದೆ ಹಿಡಿಯುವಂತಿಲ್ಲ. ಕೇಂದ್ರ ಪರಿಸರ ಸಚಿವಾಲಯದ 2011ರ ಮಾರ್ಗಸೂಚಿಯೂ ಕಂಡ ಮಾತ್ರಕ್ಕೆ ಬೋನು ಇಡಬೇಡಿ ಎಂದೇ ಹೇಳಿದೆ. ಅದರ ಹಿಂದೆ ಮಹಾರಾಷ್ಟ್ರದ ಜುನ್ನರ್ ಭಾಗದ ಪಾಠವಿದೆ. ಅಲ್ಲಿ ಕಬ್ಬಿನ ಗದ್ದೆಯ ಚಿರತೆಗಳನ್ನು ಹಿಡಿದು ದೂರದ ಕಾಡಿಗೆ ಬಿಡಲು ಶುರುಮಾಡಿದ ಮೇಲೆ ಮನುಷ್ಯರ ಮೇಲಿನ ದಾಳಿ ಹೆಚ್ಚಾದದ್ದನ್ನು ವಿದ್ಯಾ ಆತ್ರೇಯ ಮತ್ತು ಸಂಗಡಿಗರ ಅಧ್ಯಯನ ತೋರಿಸಿತು. ಒಂದು ಗದ್ದೆ ಖಾಲಿಯಾದರೆ ಅಲ್ಲಿಗೆ ಹೊಸ ಚಿರತೆ, ಬಿಟ್ಟ ಕಡೆ ಗುರುತು ಪರಿಚಯವಿಲ್ಲದ ನೆಲದಲ್ಲಿ ಅಲೆಯುವ ಹಳೆಯ ಚಿರತೆ. ಆದರೆ ಮನೆಮುಂದಿನ ಕೊಟ್ಟಿಗೆಯಿಂದ ಕರು ಕಳೆದುಕೊಂಡವರಿಗೆ ಜುನ್ನರ್‌ನ ಅಂಕಿಅಂಶ ಓದಿ ಹೇಳುವ ಧೈರ್ಯ ಯಾವ ವಲಯ ಅರಣ್ಯಾಧಿಕಾರಿಗೆ ಇದ್ದೀತು?

ಬೋನಿನೊಳಗೆ ಮನುಷ್ಯರೇ ಹೊಕ್ಕ ಎರಡು ಪ್ರಸಂಗಗಳು ಈ ಸೀಮೆಯಲ್ಲಿ ಇನ್ನೂ ಬಾಯಿಮಾತಾಗಿವೆ. 2020ರ ಜುಲೈನಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನ ಕಾರಾಪುರದಲ್ಲಿ ಪಾಳುಬಾವಿಗೆ ಚಿರತೆ ಬಿದ್ದಿದೆ ಎಂಬ ಸುದ್ದಿ ಬಂತು. ಬಾವಿ ನೂರಡಿ ಆಳದ್ದು, ಮೇಲಿನಿಂದ ಏನೂ ಕಾಣದು. ಅಂತರಸಂತೆ ವಲಯದ ಅರಣ್ಯಾಧಿಕಾರಿ ಟಾರ್ಚು ಹಿಡಿದು ತಾವೇ ಬೋನಿನಲ್ಲಿ ಕುಳಿತರು, ಹಗ್ಗ ಕಟ್ಟಿ ಬಾವಿಗೆ ಇಳಿಸಿದರು. ಪ್ರಾಣಿಯನ್ನು ಒಳಗಿಡಲು ಮಾಡಿದ ಕಂಬಿಗಳು ಅಂದು ಪ್ರಾಣಿಯನ್ನು ಹೊರಗಿಡುವ ಕೆಲಸ ಮಾಡಿದವು. ಆ ಫೋಟೊ ದೇಶವೆಲ್ಲ ಓಡಾಡಿತು.

ಎರಡನೆಯದರಲ್ಲಿ ಅಂಥ ಸಾಹಸವಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಪಕ್ಕದ ಗುಂಡ್ಲುಪೇಟೆ ತಾಲ್ಲೂಕಿನ ಬೊಮ್ಮಲಾಪುರದಲ್ಲಿ, ಹುಲಿ ಹಿಡಿಯಲು ತಡ ಮಾಡಿದರೆಂದು ಸಿಟ್ಟಾದ ರೈತರು ಅರಣ್ಯ ಸಿಬ್ಬಂದಿಯನ್ನೇ ಹುಲಿಯ ಬೋನಿಗೆ ನೂಕಿ ಬಾಗಿಲು ಹಾಕಿದರು. ನಗುವವರು ನಕ್ಕರು. ಅದರ ಬೆನ್ನಿಗೇ ಅಕ್ಟೋಬರ್, ನವೆಂಬರ್‌ನಲ್ಲಿ ಸರಗೂರು ಭಾಗದಲ್ಲಿ ಹುಲಿ ದಾಳಿಗೆ ರೈತರು ಪ್ರಾಣ ಕಳೆದುಕೊಂಡಾಗ ನಗು ಉಡುಗಿತು. ನಾಗರಹೊಳೆ, ಬಂಡೀಪುರ ಎರಡರಲ್ಲೂ ಸರ್ಕಾರ ಸಫಾರಿ ನಿಲ್ಲಿಸಿತು, ಸಾಕಾನೆಗಳೊಡನೆ ಕೂಂಬಿಂಗ್ ನಡೆಯಿತು. ಬೋನಿನಲ್ಲಿ ಕುಳಿತವರು ಕೆಳಹಂತದ ನೌಕರರು ಎಂಬುದನ್ನೂ ನೆನಪಿಡಬೇಕು. ಸಿಟ್ಟು ಯಾವಾಗಲೂ ಕೈಗೆ ಸಿಗುವವರ ಮೇಲೆ ತಾನೇ?

ಕಾಡನ್ನೇ ಬೋನಿನೊಳಗಿಡುವ ಪ್ರಯತ್ನವೂ ಹುಣಸೂರು ಅಂಚಿನಲ್ಲಿ ನಡೆದಿದೆ. ಕಂದಕ ತೋಡಿದ್ದಾಯಿತು, ಸೋಲಾರ್ ತಂತಿ ಎಳೆದದ್ದಾಯಿತು. ಮಳೆಗೆ ಕಂದಕ ಕುಸಿಯುತ್ತದೆ. ತಂತಿಯ ಮೇಲೆ ಆನೆ ಒಣಗಿದ ಮರ ಕೆಡವಿ ದಾಟುತ್ತದೆ. ಕೊನೆಗೆ ರೈಲ್ವೆಯ ಹಳೆಯ ಹಳಿಗಳ ತಡೆಗೋಡೆ ಬಂತು. ಭತ್ತ, ಹೊಗೆಸೊಪ್ಪು, ಮುಸುಕಿನ ಜೋಳದ ಹೊಲಗಳಿಗೆ ಅದರಿಂದ ಅನುಕೂಲವಾದದ್ದು ನಿಜ. ಆದರೆ 2018ರ ಡಿಸೆಂಬರ್‌ನಲ್ಲಿ ವೀರನಹೊಸಹಳ್ಳಿ ಬಳಿ, ರಾತ್ರಿ ಮೇವಿಗೆ ಬಂದು ಬೆಳಗಿನ ಜಾವ ಕಾಡಿಗೆ ಮರಳುತ್ತಿದ್ದ ಸಲಗವೊಂದು ಆ ಹಳಿಯನ್ನು ಹತ್ತಿ ದಾಟಲು ಹೋಗಿ, ಮುಂಗಾಲು ಆಚೆ, ಮೈಭಾರ ಈಚೆ ಎಂಬಂತೆ ಸಿಕ್ಕಿ ಅಲ್ಲೇ ಸತ್ತಿತು. ಎರಡು ಹಳಿಗಳ ನಡುವಿನ ಎಡೆಯೂ ಮೇಲಿನ ಹಳಿಯ ಎತ್ತರವೂ ಅಳತೆಯ ಮಾತೇ. ಆನೆ ತಳ್ಳುತ್ತದೆ, ನುಗ್ಗುತ್ತದೆ ಎಂದು ಲೆಕ್ಕ ಹಾಕಿದವರು ಅದು ಹತ್ತಲೂ ಬಲ್ಲದು ಎಂಬುದನ್ನು ಮರೆತಿದ್ದರು. ದಸರೆಯ ಗಜಪಯಣ ಹೊರಡುವುದು ಇದೇ ವೀರನಹೊಸಹಳ್ಳಿಯಿಂದ.

ಬೋನಿಗೆ ಬಿದ್ದ ಹುಲಿ, ಚಿರತೆಗಳಲ್ಲಿ ಆರೋಗ್ಯವಾಗಿರುವ ಕೆಲವನ್ನು ಕಾಡಿಗೆ ಬಿಡುತ್ತಾರೆ. ಮನುಷ್ಯರನ್ನು ಕೊಂದವು, ಹಲ್ಲು ಮುರಿದವು, ತಾಯಿ ಕಳೆದುಕೊಂಡ ಮರಿಗಳು ಮೈಸೂರಿನ ಹೊರವಲಯದ ಕೂರ್ಗಳ್ಳಿಯ ಪುನರ್ವಸತಿ ಕೇಂದ್ರಕ್ಕೆ ಹೋಗುತ್ತವೆ. ಮೈಸೂರು ಮೃಗಾಲಯದ ಅಧೀನದ ಆ ಕೇಂದ್ರಕ್ಕೆ ಪ್ರವಾಸಿಗರಿಗೆ ಪ್ರವೇಶವಿಲ್ಲ. ಅಲ್ಲಿಯ ಮನೆಗಳಿಗೆ ರಾತ್ರಿ ಮಲಗುವ ಕೋಣೆ, ಹಗಲು ತಿರುಗುವ ಅಂಗಳ, ನೀರಿನ ತೊಟ್ಟಿ ಬೇಕು, ಪಕ್ಕದ ಪ್ರಾಣಿ ಕಾಣದಂತೆ ಮರೆ ಬೇಕು. ಹುಲಿಗೆ ಕೂಡಿಟ್ಟ ಜಾಗದಲ್ಲಿ ಹದಿನೈದು, ಹದಿನೆಂಟು ವರ್ಷ ಆಯುಸ್ಸು. ಹೊಸ ಹುಲಿ ಸೆರೆಯಾದಾಗಲೆಲ್ಲ ಅಷ್ಟು ವರ್ಷಕ್ಕೆ ಒಂದು ಮನೆ, ದಿನಕ್ಕೆ ಕೆಲವು ಕಿಲೋ ಮಾಂಸ, ನೋಡಿಕೊಳ್ಳಲು ಒಬ್ಬ ಆಳು ಹೊಂದಿಸಬೇಕು. ಹಾಗಾಗಿ ಹುಣಸೂರು, ಎಚ್.ಡಿ. ಕೋಟೆ ಕಡೆಯಿಂದ ಬೋನಿಗೆ ಬೇಡಿಕೆ ಬಂದಾಗ ಅಧಿಕಾರಿಗಳು ಮೊದಲು ಫೋನ್ ಮಾಡುವುದು ಕೂರ್ಗಳ್ಳಿಗೆ, ಖಾಲಿ ಮನೆ ಇದೆಯೇ ಎಂದು ಕೇಳಲು.